ಬಸವನಹುಳದ ಪೆನಲ್

ನಾನು ಜಗತ್ತನ್ನು ಗೆಲ್ಲಬೇಕೆಂದು ತೀರ್ಮಾನಿಸಿದ್ದು ಹಿಂಡಿ ಮಾರುವುದರಿಂದ ತಪ್ಪಿಸಿಕೊಳ್ಳಲು. ಹಿಂಡಿ ಎಂದರೆ ಎಮ್ಮೆಗಳು ತಿನ್ನುವ ಹಿಂಡಿ. ಮೂಡಲಗಿಯ ಪೇಟೆಯಲ್ಲಿ ನಮ್ಮಪ್ಪ ಆದಿನಾಥರದು ಹಿಂಡಿ, ಬೂಸಾದ ಅಂಗಡಿ. ಅಲ್ಲಿ ದುಡ್ಡಿನ ಗಲ್ಲೆಯ ಮುಂದೆ ಕೂತವನು ದಿನವಿಡೀ ಮಾತಾಡಬೇಕು. ಎಮ್ಮೆಗಳೇ ಬಂದಿದ್ದರೆ ಹೇಗೋ ನಿಭಾಯಿಸುತ್ತಿದ್ದೆ. ಬರುವವರು ಎಮ್ಮೆಯ ಮಾಲೀಕರು!

ನನ್ನ ಸಂಕೋಚ ಸಾಮಾನ್ಯದ್ದಲ್ಲ. ಕಾಲೇಜಿನಲ್ಲಿ ಹಾಜರಿ ಕೂಗಿದಾಗ ‘ಯಸ್ ಸರ್’ ಎನ್ನಲು ಗಂಟಲು ಏಳುತ್ತಿರಲಿಲ್ಲ. ಒಂದು ದಿನವೂ ತಪ್ಪಿಸದೆ ಮೊದಲ ಬೆಂಚಿನಲ್ಲಿ ಕೂತು, ವರ್ಷದ ಕೊನೆಗೆ ಹಾಜರಿ ಸಾಲದೆ ಹೊರಬಿದ್ದ ವಿದ್ಯಾರ್ಥಿ ಇಡೀ ಗೋಕಾಕ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು! ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಸೆಕೆಂಡ್ ಹ್ಯಾಂಡ್ ಕಂಪ್ಯೂಟರೊಂದರ ಮುಂದೆ ಕೂತು, ಯಾರ ಸಹಾಯವೂ ಇಲ್ಲದೆ ಒಂದು ವಿಡಿಯೋ ಗೇಮ್ ತಯಾರಿಸಿದೆ. ಹೆಸರು ‘ಕಬ್ಬಿನ ಕಾವಲುಗಾರ’.

ಬೆನ್ನಿಗೆ ಔಷಧದ ಪಂಪು ಕಟ್ಟಿಕೊಂಡ ರೈತನೊಬ್ಬ ಕಬ್ಬಿನ ಸಾಲುಗಳಲ್ಲಿ ಓಡುತ್ತಾನೆ. ಸುಳಿ ಕೊರೆಯುವ ಹುಳಗಳು ಮೇಲೇರಿ ಬರುತ್ತವೆ. ಇವನು ಪಂಪು ಹೊಡೆಯುತ್ತಾನೆ. ಹುಳ ಪಟ್ಟನೆ ಒಡೆದು ಹಸಿರು ರಕ್ತ ಚಿಮ್ಮುತ್ತದೆ! ಆ ರಕ್ತದ ಒಂದೊಂದು ಹನಿಯನ್ನೂ ನಾನು ಬೇರೆ ಬೇರೆಯಾಗಿ ಬಿಡಿಸಿದ್ದೆ. ಒಂದು ಹನಿಯಂತೆ ಇನ್ನೊಂದಿರಲಿಲ್ಲ. ಅಷ್ಟು ಶ್ರದ್ಧೆಯನ್ನು ಓದಿನಲ್ಲಿ ತೋರಿಸಿದ್ದರೆ ಎಂದು ಅಪ್ಪ ಹಲವು ಸಲ ನಿಟ್ಟುಸಿರು ಬಿಟ್ಟಿದ್ದಾರೆ.

ಆಟ ಮುಗಿದ ದಿನ ಮೊದಲು ತೋರಿಸಿದ್ದು ನಮ್ಮ ಅಜ್ಜಿ ರಾಜಮತಿಗೆ. ನಾವು ಕರೆಯುವುದು ಆಯಿ ಎಂದು. ಒಲೆ ಹಚ್ಚುವ ಮುಂಚೆ ಇರುವೆ ಇವೆಯೇ ಎಂದು ಬಗ್ಗಿ ನೋಡುವವಳು. ಜೈನರ ನೇಮದಂತೆ ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟದವಳು. ದಿನಾ ಮುಂಜಾನೆ ನನ್ನ ಕೀಬೋರ್ಡನ್ನೂ ಮೆತ್ತನೆಯ ಕಸಬರಿಗೆಯಿಂದ ಗುಡಿಸಿ, “ಈಗ ಒತ್ತಪಾ, ಒಳಗ ಯಾರೂ ಇಲ್ಲ” ಎಂದು ಅನುಮತಿ ಕೊಡುತ್ತಿದ್ದಳು.

“ಇದೇನಪಾ ಹಸರಂದು?” ಆಯಿ ಕೇಳಿದಳು.

“ಹುಳದ ರಕ್ತ, ಆಯಿ. ಒಂದೊಂದ ಹನಿ ಬ್ಯಾರೆ ಬ್ಯಾರೆ ಐತಿ ನೋಡು!”

ಆಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದುಹೋದಳು. ಹೆಮ್ಮೆಯಿಂದ ಮಾತು ಹೊರಡಲಿಲ್ಲ ಎಂದುಕೊಂಡೆ.

ಆ ವರ್ಷವೇ, ಅಂದರೆ 2008ರಲ್ಲಿ, ನನ್ನಂತೆ ಒಂಟಿಯಾಗಿ ಆಟ ತಯಾರಿಸುವವರಿಗೆಂದೇ ಇದ್ದ ವೆಬ್‌ಸೈಟೊಂದು ಸ್ಪರ್ಧೆ ಇಟ್ಟಿತು. ತೀರ್ಪುಗಾರರು ಯಾರೂ ಇಲ್ಲ. ಜನರೇ ಓಟು ಹಾಕಿ ಆರಿಸಬೇಕು. ಒಬ್ಬರಿಗೆ ಒಂದು ಇ-ಮೇಲ್, ಒಂದು ಇ-ಮೇಲಿಗೆ ಒಂದು ಓಟು. ಅಪ್ಪನೂ ತಮ್ಮದೊಂದು ನಿಯಮ ಸೇರಿಸಿದರು.

“ಮೊದಲನೇ ನಂಬರ್ ಬಂದರ ಆ ಡಬ್ಬಿ ಮುಂದ ಜೀವನಪೂರ್ತಿ ಕುಂಡ್ರು, ನಾ ಕೇಳೂದಿಲ್ಲ. ಬರಲಿಲ್ಲಂದರ ಡಬ್ಬಿ ಮಾರತೇನಿ, ನೀ ನನ್ನ ಬಾಜೂ ಗಲ್ಲೆದ ಮ್ಯಾಲ. ಖರೆ?”

ನಾನು ತಲೆಯಾಡಿಸಿದೆ. ಮನಸ್ಸಿನಲ್ಲಿ ಮಾತ್ರ ಗುಡುಗಿದೆ: ‘ಗೆದ್ದೇ ತೀರುತ್ತೇನೆ! ಹಿಂಡಿಯ ಚೀಲಗಳೇ, ನಿಮಗೆ ನನ್ನ ಕೊನೆಯ ನಮಸ್ಕಾರ!’

ತಂಗಿ ಮೇಘಾಳಿಗೆ ಮನಸ್ಸಿನ ಗುಡುಗೂ ಕೇಳಿಸುತ್ತದೆ. “ಓಟ ಕೇಳಾಕ ಬಾಯಿ ಬೇಕಲ್ಲೋ ಅಣ್ಣಾ! ಹಾಜರಿ ಹೇಳದ ಬಾಯಿ ಓಟ ಹ್ಯಾಂಗ ಕೇಳತೈತಿ?”

ನನಗೆ ಬಾಯಿಯಾಗಿ ಒದಗಿದವರು ಧನ್ಯಕುಮಾರ ಕಾಕಾ, ಅಪ್ಪನ ತಮ್ಮ. ಕಾಕಾ ಹಿಂದಿನ ಸೊಸೈಟಿ ಚುನಾವಣೆಯಲ್ಲಿ ಇಡೀ ಪೆನಲ್ ಸಮೇತ ಸೋತಿದ್ದರು. ನಮ್ಮ ಕಡೆ ಸೊಸೈಟಿಗೆ ಯಾರೂ ಒಬ್ಬೊಬ್ಬರೇ ನಿಲ್ಲುವುದಿಲ್ಲ. ಗುಂಪು ಕಟ್ಟಿಕೊಂಡು ಪೆನಲ್ ಮಾಡಿ ನಿಲ್ಲುತ್ತಾರೆ, ಪೆನಲ್ ಮಾಡಿಯೇ ಬೀಳುತ್ತಾರೆ. ಅಂದಿನಿಂದ ಕಾಕಾ ಎಲ್ಲಿ ‘ಓಟು’ ಎಂಬ ಶಬ್ದ ಕೇಳಿಸಿದರೂ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಎದ್ದು ಬಿಡುತ್ತಿದ್ದರು.

“ನೀ ಏನ್ ಕಾಳಜಿ ಮಾಡಬ್ಯಾಡ. ಇದು ನಮ್ಮ ಮನಿತನದ ಇಜ್ಜತ್ತಿನ ಪ್ರಶ್ನೆ!” ಎಂದರು. ಒಂದು ಗಂಟೆಯ ಹಿಂದೆ ಅವರಿಗೆ ಆ ಪ್ರಶ್ನೆಯೇ ಗೊತ್ತಿರಲಿಲ್ಲ.

ಮರುದಿನವೇ ಮೂರು ಗಾಲಿಯ ಟಂಟಂ ಗಾಡಿಗೆ ಧ್ವನಿವರ್ಧಕ ಕಟ್ಟಲಾಯಿತು. ಪೋಸ್ಟರು ಅಚ್ಚಾಯಿತು. ಅದರಲ್ಲಿ ಕೈಮುಗಿದ ಕಾಕಾ ಬಾಗಿಲಷ್ಟು ದೊಡ್ಡದಾಗಿದ್ದರು. ನಾನು ಅವರ ಮೊಣಕೈ ಹತ್ತಿರ ಅಂಚೆಚೀಟಿಯಷ್ಟಿದ್ದೆ. ಕೆಳಗೆ ‘ಗುರುತು: ಕಬ್ಬು’. ಟಂಟಂ ನಮ್ಮ ಓಣಿಯಿಂದ ಹೊರಟು, ನೆಂಟರಿದ್ದಾರೆಂಬ ಕಾರಣಕ್ಕೆ ಕೌಜಲಗಿಗೂ, ಪೆಟ್ರೋಲ್ ಉಳಿದಿದೆ ಎಂಬ ಕಾರಣಕ್ಕೆ ಘೋಡಗೇರಿಗೂ ಹೋಗಿ ಬಂತು. ನಾನು ಒಳಗೆ ಪೋಸ್ಟರುಗಳ ಕಟ್ಟಿನ ಹಿಂದೆ ಮುಖ ಮುಚ್ಚಿಕೊಂಡು ಕೂತಿದ್ದೆ.

ಕೌಜಲಗಿಯಲ್ಲಿ ಕುರಿ ಹಟ್ಟಿಯ ಲಗಮವ್ವ ಗಾಡಿಗೆ ಅಡ್ಡ ನಿಂತು ಕೇಳಿದಳು, “ನೀ ಗೆದ್ದರ ನಮ್ಮ ಓಣಿಗಿ ನಳಾ ಬರತೈತೇನೋ ಯಪ್ಪಾ?”

“ಇಲ್ಲಬೇ ಎವ್ವಾ, ಇದು ಆಟ...”

ಕಾಕಾ ನನ್ನ ತೊಡೆ ಚಿವುಟಿದರು. “ಬರತೈತಿ! ಎರಡ ಹೊತ್ತು ನೀರು ಬರತೈತಿ! ಕಬ್ಬಿಗಿ ಒತ್ತಬೇ ಯಕ್ಕಾ!”

ಓಟು ಒತ್ತುವ ಜಾಗ ಮೂಡಲಗಿ ಬಸ್ ಸ್ಟ್ಯಾಂಡಿನ ಎದುರಿಗಿದ್ದ ಮಾಳುವಿನ ಸೈಬರ್ ಕೆಫೆ. ಬಂದವರಲ್ಲಿ ಮುಕ್ಕಾಲು ಜನಕ್ಕೆ ಇ-ಮೇಲ್ ಇರಲಿಲ್ಲ. “ಎಲ್ಲಾರದೂ ನೀನ ತಗದು ನೀನ ಒತ್ತಿ ಬಿಡೋ!” ಎಂದರು ಕಾಕಾ. ನಾನು ಒಪ್ಪಲಿಲ್ಲ. ನಿಯಮಗಳ ಪುಟವನ್ನು ಓದಿದವನು ಇಡೀ ಜಗತ್ತಿನಲ್ಲಿ ನಾನೊಬ್ಬನೇ ಇದ್ದಿರಬಹುದು. ಅದರಲ್ಲಿ ‘ತಮ್ಮ ಓಟು ತಾವೇ ಹಾಕಬೇಕು’ ಎಂದಿತ್ತು. ಹಾಗಾಗಿ ಒಬ್ಬೊಬ್ಬರನ್ನೇ ಕೂರಿಸಿ, ಇ-ಮೇಲ್ ಮಾಡಿಸಿ, ಊರಿನ ಹೆಸರು ತುಂಬಿಸಿ, ಮೌಸ್ ಹಿಡಿಯುವುದನ್ನು ಕಲಿಸಿ, ಕಬ್ಬಿನ ಚಿತ್ರ ತೋರಿಸಿ, ಅವರು ಒತ್ತುವಾಗ ಮರ್ಯಾದೆಯಿಂದ ಆ ಕಡೆ ಮುಖ ತಿರುಗಿಸಿ ನಿಲ್ಲುತ್ತಿದ್ದೆ. ಓಟು ಒತ್ತಿದವರು ಎಡಗೈ ಬೆರಳು ಮುಂದೆ ಚಾಚಿ ಶಾಯಿಗಾಗಿ ಕಾಯುತ್ತಿದ್ದರು. ಮಾಳು ಕೊನೆಗೆ ಸ್ಟಾಂಪ್ ಪ್ಯಾಡು ಇಟ್ಟುಕೊಂಡ.

‘ಕಬ್ಬಿನ ಕಾವಲುಗಾರ’ ಮೊದಲ ಸ್ಥಾನಕ್ಕೇರಿತು! ನಾನು ಅಂಗಡಿಯ ಮುಂದೆ ತಲೆ ಎತ್ತಿ ನಡೆದೆ. ಒಂದೇ ಸಲ, ಏಕೆಂದರೆ ಆ ಕಡೆಯಿಂದ ಯಾರೋ ಬರುತ್ತಿದ್ದರು.

ಬಂದವರು ಬಸವಣ್ಣೆಪ್ಪನವರು. ಸೊಸೈಟಿಯಲ್ಲಿ ಕಾಕಾನ ಪೆನಲ್ಲಿಗೆ ಮಣ್ಣು ಮುಕ್ಕಿಸಿದ ಎದುರು ಪೆನಲ್ಲಿನ ಮುಖಂಡರು. ಕಾಕಾನ ಪೋಸ್ಟರನ್ನು ನೋಡಿ ಅವರು ನಿದ್ದೆಗೆಟ್ಟಿದ್ದರು. ಎರಡನೇ ಸ್ಥಾನದಲ್ಲಿ ಯಾವುದೋ ಚಳಿ ದೇಶದ ಹುಡುಗನ ಆಟವಿತ್ತು. ಅದರಲ್ಲಿ ಬಸವನಹುಳವೊಂದು ಎಲೆ ತಿನ್ನುತ್ತ ನಿಧಾನಕ್ಕೆ ಮನೆ ಮುಟ್ಟಬೇಕು. ಅಷ್ಟೇ! ಬಸವಣ್ಣೆಪ್ಪನವರು ಹಿಂದೆ ಮುಂದೆ ನೋಡದೆ ಆ ಹುಡುಗನಿಗೆ ತಮ್ಮ ಪೆನಲ್ಲಿನ ಬೆಂಬಲ ಘೋಷಿಸಿದರು. ಎದುರು ಟಂಟಂ ಕಿರುಚತೊಡಗಿತು:

“ತಾಯಿ ತಂದಿ ದೂರ, ಹಿಮದಾಗ ಒಬ್ಬನ ಕುಂತಾನ್ರೀ ಪಾಪ! ಪರದೇಶಿ ಹುಡುಗನ ಕೈ ಬಿಡಬ್ಯಾಡ್ರಿ! ನಮ್ಮ ಗುರುತು ಬಸವನಹುಳ!”

ಆ ಹುಡುಗ ತಾಯಿ ತಂದೆಯ ಮನೆಯಲ್ಲೇ ಬೆಚ್ಚಗಿದ್ದನೆಂದು ಅವನ ಪುಟದಲ್ಲೇ ಬರೆದಿತ್ತು. ನಾನು ಓದಿದ್ದೆ. ಹೇಳುವುದು ಹೇಗೆ?

ಎದುರು ಪೆನಲ್ಲಿಗೆ ಒಂದೇ ತೊಂದರೆಯಿತ್ತು. ಅವರಲ್ಲಿ ಕಂಪ್ಯೂಟರ್ ಬಲ್ಲವರು ಯಾರೂ ಇರಲಿಲ್ಲ. ಬಸವಣ್ಣೆಪ್ಪನವರು ನನ್ನ ಹೆಗಲ ಮೇಲೆ ಕೈಯಿಟ್ಟು, ಸಕ್ಕರೆ ಸುರಿಯುವ ದನಿಯಲ್ಲಿ ಅಂದರು:

“ಜಿನದತ್ತಾ, ನಂದೂ ನಿಮ್ಮ ಕಾಕಾಂದೂ ಏನರ ಇರಲಿ, ನೀ ನನ್ನ ಮಗಾ ಇದ್ದಂಗ. ನಮ್ಮ ಮಂದಿಗೂ ಒಂದೀಟ ಓಟ ಒತ್ತೂದ ಕಲಸಪಾ. ಇಲ್ಲ ಅನಬ್ಯಾಡ.”

‘ಇಲ್ಲ’ ಎನ್ನಲೆಂದೇ ನಾನು ಬಾಯಿ ತೆರೆದೆ. ಜೀವನದಲ್ಲಿ ಮೊಟ್ಟಮೊದಲ ಸಲ, ಗಂಟೆ ಬಾರಿಸಿದಷ್ಟು ಸ್ಪಷ್ಟವಾಗಿ ಹೊರಬಿತ್ತು: “ಯಸ್ ಸರ್!”

ಒಪ್ಪಿಕೊಂಡ ಮೇಲೆ ಅರೆಬರೆ ಮಾಡುವವನು ನಾನಲ್ಲ. ಅವರ ಕಡೆಯವರನ್ನೂ ಒಬ್ಬೊಬ್ಬರನ್ನಾಗಿ ಕೂರಿಸಿ, ಇ-ಮೇಲ್ ಮಾಡಿಸಿ, ಬಸವನಹುಳದ ಚಿತ್ರ ತೋರಿಸಿ, ಮರ್ಯಾದೆಯಿಂದ ಆ ಕಡೆ ಮುಖ ತಿರುಗಿಸಿದೆ. ಒಬ್ಬ ಮುದುಕ ತಪ್ಪಿ ಕಬ್ಬಿನ ಮೇಲೆ ಮೌಸಿನ ಬಾಣ ಇಟ್ಟಾಗ, “ಅಜ್ಜಾರ, ನಿಮ್ಮದು ಅದಲ್ಲ, ಬಾಜೂದ್ದು” ಎಂದು ತಿದ್ದಿದವನೂ ನಾನೇ!

ಮನೆಗೆ ಸುದ್ದಿ ಮುಟ್ಟಿತು. ಮೇಘಾ ಹಣೆ ಬಡಿದುಕೊಂಡಳು. “ನಿನಗ ಎದುರಾಳಿ ಯಾಕ ಬೇಕೋ? ನೀ ಒಬ್ಬನ ಸಾಕ!”

ಕಾಕಾ ಮೀಸೆ ತಿರುವಿದರು. “ಇರಲಿ ಬಿಡು. ನಮ್ಮವರ ಓಟ ಇನ್ನೂ ಭಾಳ ಅದಾವು.”

ಕೊನೆಯ ದಿನ ಮುಂಜಾನೆ ಕಬ್ಬು, ಬಸವನಹುಳ ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದವು. ಮಧ್ಯಾಹ್ನ ಕಬ್ಬು ಕೊಂಚ ಮುಂದೆ. ನಾನು ಮನೆಗೆ ಬಂದು ಕಂಪ್ಯೂಟರಿನ ಧೂಳು ಒರೆಸಿ, ಇನ್ನು ನಮ್ಮಿಬ್ಬರನ್ನು ಅಗಲಿಸುವವರಿಲ್ಲ ಎಂದು ಅದಕ್ಕೆ ಭರವಸೆ ಕೊಟ್ಟೆ. ಆಯಿ ಆಗ ತಾನೇ ಹೊರಗಿನಿಂದ ಬಂದು ಕಾಲು ತೊಳೆಯುತ್ತಿದ್ದಳು. ಅವಳಿಗೂ ಹಿಂದಿನ ವಾರವೇ ಇ-ಮೇಲ್ ಮಾಡಿಸಿ ಒತ್ತುವುದನ್ನು ಕಲಿಸಿದ್ದೆ.

“ಆಯಿ, ಓಟ ಹಾಕಿದಿ?”

“ಹಾಕಿ ಬಂದ್ನೆಪಾ.”

ಆಯಿ ಸುಳ್ಳು ಹೇಳುವುದಿಲ್ಲ.

ಸಂಜೆ ಫಲಿತಾಂಶ ಬಂತು. ಬಸವನಹುಳ ಮೊದಲನೆಯದು. ಕಬ್ಬು ಎರಡನೆಯದು. ಅಂತರ ಎಷ್ಟು ಸಣ್ಣದೆಂದರೆ ಒಂದು ಟಂಟಂನಲ್ಲಿ ಕೂರಿಸಬಹುದಿತ್ತು. ಗೆದ್ದ ಹುಡುಗ ವೆಬ್‌ಸೈಟಿನಲ್ಲಿ ಕೃತಜ್ಞತೆ ಬರೆದಿದ್ದ: ತನಗೆ ಓಟು ಹಾಕಿದವರ ವಿಳಾಸದಲ್ಲೆಲ್ಲ ಮೂಡಲಗಿ ಎಂದೇ ಇದೆ, ಅದು ಬಸವನಹುಳಗಳಿಗೆ ಹೆಸರಾದ ಊರೇ?

ಕಾಕಾ ನಮ್ಮ ಕಟ್ಟೆಯ ಮೇಲೆ ಕೂತು ಬಿಳಿ ಅಂಗಿಯ ಗುಂಡಿ ಬಿಚ್ಚಿದರು. “ಬಸವಣ್ಣೆಪ್ಪನ ಮಂದಿ ಎಷ್ಟಂತ ನನಗ ಗೊತ್ತೈತಿ. ಅಷ್ಟರಾಗ ಗೆಲ್ಲಾಕ ಸಾಧ್ಯ ಇಲ್ಲ. ನಮ್ಮವರ ಯಾರೋ ಕೈ ಕೊಟ್ಟಾರ! ಯಾರಂವ? ಮುಂದ ಬರ್ಲಿ!”

ಅವರೆಕಾಯಿ ಸುಲಿಯುತ್ತಿದ್ದ ಆಯಿ ತಲೆ ಎತ್ತದೆ ಅಂದಳು, “ನಾ ಇಲ್ಲೇ ಅದೇನಿ. ಮುಂದ ಎಲ್ಲಿ ಬರ್ಲಿ?”

“ಆಯಿ!” ನಾನು, ಮೇಘಾ ಒಟ್ಟಿಗೆ ಕೂಗಿದೆವು.

“ಮಧ್ಯಾನ್ನ ಬಸದಿಯೊಳಗ ಪ್ರವಚನ ಮುಗಿದ ಮ್ಯಾಲ ಹೆಣ್ಮಕ್ಕಳನ್ನೆಲ್ಲಾ ಕರಕೊಂಡ ಹೋಗಿದ್ನಿ. ಪದ್ಮವ್ವ, ಸಾವಂತ್ರೆವ್ವ ಎಲ್ಲಾರೂ ಒತ್ತಿದ್ರು. ನೀ ಎಷ್ಟ ಚಂದ ಕಲಿಸಿದ್ದಿ, ಒಬ್ಬರೂ ತಪ್ಪಲಿಲ್ಲ ನೋಡು.”

“ಅವ್ವಾ, ಬಸವಣ್ಣೆಪ್ಪನ ಪೆನಲ್ಲಿಗಿ ಓಟ ಹಾಕಿದಿ?” ಕಾಕಾ ಕಟ್ಟೆಯಿಂದ ಎದ್ದೇ ಬಿಟ್ಟರು.

“ಬಸವಣ್ಣೆಪ್ಪನ ಸಲುವಾಗಿ ಯಾಂವ ಹಾಕ್ಯಾನ? ಆ ಹುಳದ ಸಲುವಾಗಿ ಹಾಕೇನಿ. ಪಾಪ, ತನ್ನ ಪಾಡಿಗಿ ತಾ ಎಲಿ ತಿಂದ್ಕೊಂತ ಹೋಗತೈತಿ. ನಮ್ಮ ಹುಡುಗನ ಆಟದಾಗ ಬರೇ ಹುಳ ಸಾಯ್ತಾವು. ಅದೂ ಹನಿ ಹನಿ ಬ್ಯಾರೆ ಬ್ಯಾರೆ! ಆಟ ಅಂದ ಮ್ಯಾಲ ಯಾಕಪಾ ಸಾಯಬೇಕು?”

ಇಡೀ ಜಗತ್ತಿನ ಓಟು ಕೇಳಲು ಹೊರಟವನು, ನನ್ನ ಕೀಬೋರ್ಡಿನ ಇರುವೆ ಗುಡಿಸುವವಳ ಅಭಿಪ್ರಾಯವನ್ನು ಕೇಳಿರಲಿಲ್ಲ. ಕಾಕಾ ಅಂಗಿಯ ಗುಂಡಿ ಹಾಕಿಕೊಂಡು ಮನೆಗೆ ಹೋದರು.

ಅಪ್ಪ ಮಾತಿಗೆ ತಪ್ಪುವವರಲ್ಲ. ನಾನು ಗಲ್ಲೆಗೆ ಹೋಗಿ ಕೂತೆ. ಓಟು ಕೇಳಿಸಿಕೊಂಡವರೆಲ್ಲ ಗಿರಾಕಿಗಳಾಗಿ ಬಂದರು. “ಏನೋ ಕಬ್ಬಿನ ಸಾವಕಾರಾ, ಬಿದ್ದೆಂತ?” ಎಂದು ಮಾತಾಡಿಸಿ, ಉತ್ತರ ಬರುವವರೆಗೆ ನಿಂತುಕೊಳ್ಳುತ್ತಿದ್ದರು. ಲಗಮವ್ವನಂತೂ ನಳದ ಬಗ್ಗೆ ವಿಚಾರಿಸಲು ಕೌಜಲಗಿಯಿಂದಲೇ ಬಂದಳು.

ಕಂಪ್ಯೂಟರು ಕೊಳ್ಳಲು ಹುಕ್ಕೇರಿಯಿಂದ ಒಬ್ಬ ಗೋಣಿಚೀಲ ಸಮೇತ ಬಂದ. ಅಪ್ಪ ಅವನನ್ನು ಒಳಗೆ ಕರೆದೊಯ್ದರೆ, ಅದರ ಮುಂದೆ ಆಯಿ ಕನ್ನಡಕ ಏರಿಸಿ ಕೂತಿದ್ದಳು! ಮೇಘಾ ಮಾಳುವಿನ ಕೆಫೆಯಿಂದ ಬಸವನಹುಳದ ಆಟವನ್ನು ಪೆನ್ ಡ್ರೈವಿನಲ್ಲಿ ತಂದುಕೊಟ್ಟಿದ್ದಳು.

“ಮುಟ್ಟಬ್ಯಾಡ್ರಿ! ಹುಳ ಇನ್ನೂ ಮನಿ ಮುಟ್ಟಿಲ್ಲ. ಈಗ ತಂತಿ ಕಿತ್ತರ ನಡುದಾರ್ಯಾಗ ಬಿಟ್ಟಂಗ ಆಕ್ಕೈತಿ.”

ಅಪ್ಪ ತಮ್ಮ ತಾಯಿಗೆ ಎದುರಾಡಿದ್ದನ್ನು ನಾನು ನೋಡಿಲ್ಲ. ಹುಕ್ಕೇರಿಯವನು ಚಹಾ ಕುಡಿದು, ಗೋಣಿಚೀಲ ಮಡಚಿಕೊಂಡು ಹೋದ.

ಹೀಗೆ ನನ್ನ ಕಂಪ್ಯೂಟರು ಉಳಿಯಿತು; ಅದರ ಮುಂದಿನ ಜಾಗ ಮಾತ್ರ ಹೋಯಿತು. ಮೊನ್ನೆ ಅಂಗಡಿಯಿಂದ ಸ್ವಲ್ಪ ಬೇಗ ಬಂದು, ಇದ್ದ ಧೈರ್ಯವನ್ನೆಲ್ಲ ಒಟ್ಟುಗೂಡಿಸಿ ಕೇಳಿದೆ, “ಆಯಿ, ಹೊಸಾ ಆಟ ಮಾಡತೇನಿ. ಅದರಾಗ ಒಂದ ಇರುವಿನೂ ಸಾಯೂದಿಲ್ಲ. ಒಂದೀಟ ಸರಿ.”

ಆಯಿ ಕೂತಲ್ಲಿಂದ ಸರಿಯಲಿಲ್ಲ. ಒಮ್ಮೆ ಕಿಟಕಿಯಾಚೆ ಇಳಿಯುತ್ತಿದ್ದ ಬಿಸಿಲು ನೋಡಿ, ಕೀಲಿಗಳನ್ನು ಇನ್ನಷ್ಟು ಜೋರಾಗಿ ಒತ್ತತೊಡಗಿದಳು.

“ತಡಿಯೋ! ಹೊತ್ತ ಮುಳಗೂದ್ರಾಗ ಈ ಹುಳದ ಊಟ ಮುಗೀಬೇಕು!”