ಪಥ್ಯ ಬಿಡುವ ದಿನ

ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳಬಾರದು ಎಂದು ದೊಡ್ಡವರು ಹೇಳುತ್ತಾರೆ. ನನಗೆ ಆ ಭಯವೇ ಇಲ್ಲ. ನನ್ನ ತೋಳು ಅಷ್ಟು ಹಿಂದಕ್ಕೆ ತಿರುಗುವುದಿಲ್ಲ. ಹಾಗಾಗಿ ಬಾಯಿಂದಲೇ ಹೊಗಳಿಕೊಂಡುಬಿಡುತ್ತೇನೆ: ಶಿರಾಳಕೊಪ್ಪದ ಸುತ್ತ ಹತ್ತೂರಲ್ಲಿ, ಯಾರು ಏನು ತಿನ್ನಬೇಕು ಎಂದು ಅವರವರ ವಯಸ್ಸು ನೋಡಿ ಹೇಳುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಆಸ್ಪತ್ರೆಯ ಬೋರ್ಡಿನಲ್ಲಿ ನಾನು ಆಹಾರ ಸಲಹೆಗಾರ್ತಿ, ಊರವರ ಬಾಯಲ್ಲಿ ಊಟದ ಮೇಡಂ. ಊಟದ ಮೇಡಂ ಎಂದರೆ ಊಟ ಹಾಕುವವಳು ಎಂದುಕೊಂಡು ತಟ್ಟೆ ಹಿಡಿದು ಬಂದವರೂ ಇದ್ದಾರೆ. ಅವರನ್ನೂ ಬರಿಗೈಯಲ್ಲಿ ಕಳಿಸಿಲ್ಲ, ಒಂದೊಂದು ಚೀಟಿ ಬರೆದುಕೊಟ್ಟಿದ್ದೇನೆ.

ನನ್ನ ಗುಟ್ಟು ಇಷ್ಟೇ, ಒಂದೇ ಮಾತನ್ನು ಎಲ್ಲರಿಗೂ ಹೇಳಬಾರದು. ಮೂರನೇ ಕ್ಲಾಸಿನ ಹುಡುಗಿಗೆ ರಕ್ತಹೀನತೆ ಅಂದರೆ ಅವಳು ಕಿಟಕಿ ಕಡೆ ನೋಡುತ್ತಾಳೆ. ನುಗ್ಗೆಸೊಪ್ಪು ತಿಂದರೆ ಖೋಖೋದಲ್ಲಿ ಯಾರ ಕೈಗೂ ಸಿಗಲ್ಲ ಅನ್ನಿ, ಮನೆಗೆ ಹೋಗಿ ಅಮ್ಮನ ಪ್ರಾಣ ತಿಂದು ಪಲ್ಯ ಮಾಡಿಸುತ್ತಾಳೆ. ಕಾಲೇಜಿನವರ ಹತ್ತಿರ ರೋಗದ ಹೆಸರೇ ಎತ್ತಬಾರದು, ಕೂದಲು ಉದುರುತ್ತದೆ ಎಂದರೆ ಸಾಕು, ಗೋಬಿ ಮಂಚೂರಿ ಅರ್ಧ ಪ್ಲೇಟಿಗೆ ಇಳಿಯುತ್ತದೆ. ನಲವತ್ತು ದಾಟಿದವರಿಗೆ ಮಾತ್ರ ನಾನು ಹೆಚ್ಚು ಹೇಳಲು ಹೋಗುವುದಿಲ್ಲ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ ಸುಮ್ಮನೆ ನಗುತ್ತಾರೆ. ಇನ್ನು ಎಪ್ಪತ್ತು ದಾಟಿದವರ ಮುಂದೆ ಡಯಟ್ಟು, ಕ್ಯಾಲೊರಿ ಯಾವುದೂ ನಡೆಯುವುದಿಲ್ಲ. ಅವರಿಗೆ ನಾಟುವ ಮಾತು ಒಂದೇ, ಪಥ್ಯ. ಈ ಮಾತನ್ನು ಯಾವ ತರಬೇತಿಯಲ್ಲೂ ನನಗೆ ಹೇಳಿಕೊಟ್ಟಿಲ್ಲ, ನಾನೇ ಕಂಡುಕೊಂಡೆ.

ಉಡುತಡಿಯ ಬಸಮ್ಮಜ್ಜಿಗೆ ಹೇಳಿದ್ದೂ ಅದನ್ನೇ. ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಶುಗರ್ ಇಳಿಯದೆ ಆಪರೇಷನ್ ಇಲ್ಲ ಎಂದು ಕಣ್ಣಿನ ಡಾಕ್ಟರು ಎರಡು ಸಲ ವಾಪಸ್ ಕಳಿಸಿದ್ದರು. ಹುಟ್ಟಲಿರುವ ಮರಿಮಗುವಿಗೆ ಕೌದಿ ಹೊಲಿಯುತ್ತಿದ್ದ ಅಜ್ಜಿ, ಸೂಜಿಗೆ ದಾರ ಪೋಣಿಸಲಾಗದೆ ಅದನ್ನು ಅರ್ಧಕ್ಕೇ ಮಡಚಿಟ್ಟಿದ್ದಳು. "ನಮ್ಮ ಮನ್ಯಾಗ ಹುಟ್ಟಿದ ಯಾವ ಕೂಸೂ ಅಂಗಡಿ ಹೊದಿಕೆ ಹೊದ್ದಿಲ್ಲ ತಂಗಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಜೊತೆಗೆ ಬಂದಿದ್ದ ಸೊಸೆ ಸುಜಾತಾ, ಅತ್ತೆ ಮಾತ್ರೆಯನ್ನೂ ಬೆಲ್ಲದ ಚೂರಿನ ಜೊತೆಗೇ ನುಂಗುತ್ತಾರೆ ಎಂದು ಚಾಡಿ ಹೇಳಿದಳು.

ಮಾತ್ರೆ ತಪ್ಪಿಸದೆ ನುಂಗಬೇಕು, ಬೆಲ್ಲ ಬೇಡ, ಚಹಾಕ್ಕೆ ಸಕ್ಕರೆ ಬೇಡ, ಅನ್ನ ಕಡಿಮೆ, ಸೊಪ್ಪು ಕಾಳು ಜಾಸ್ತಿ, ಇದು ಪಥ್ಯ ಎಂದೆ. ಆ ಮಾತು ಕಿವಿಗೆ ಬಿದ್ದದ್ದೇ ಅಜ್ಜಿ ನೆಟ್ಟಗೆ ಕೂತಳು. ಎಷ್ಟು ದಿನದ್ದು ಎಂದು ಕೇಳಿದಳು. ನನ್ನ ಜಾಣತನಕ್ಕೆ ನಾನೇ ಬೀಗುತ್ತ, ಸದ್ಯಕ್ಕೆ ನಲವತ್ತೆಂಟು ದಿನ ಮಾಡಿ, ಆಮೇಲೆ ನೋಡೋಣ ಎಂದುಬಿಟ್ಟೆ.

ಮಾಡಿದಳು ನೋಡಿ ಅಜ್ಜಿ! ತಮ್ಮನ ಮೊಮ್ಮಗಳ ಮದುವೆಗೆ ಹೋಗಿ ಬರೀ ಮಜ್ಜಿಗೆ ಕುಡಿದು ಬಂದಳಂತೆ. ನಲವತ್ತೈದನೇ ದಿನಕ್ಕೆ ಶುಗರ್ ಇಳಿದು, ಡಾಕ್ಟರು ಮುಂದಿನ ಬುಧವಾರ ಆಪರೇಷನ್ ಎಂದರು. ನಾನು ಆ ರಿಪೋರ್ಟನ್ನು ಆಸ್ಪತ್ರೆಯಲ್ಲಿ ಕೇಳಿದವರಿಗೂ ಕೇಳದವರಿಗೂ ತೋರಿಸಿ, ಕೊನೆಗೆ ಸಂತೆಯಲ್ಲಿ ಬದನೆಕಾಯಿ ಮಾರುವವಳಿಗೂ ವಿಷಯ ಹೇಳಿ ಮನೆಗೆ ಹೋದೆ.

ಭಾನುವಾರ ಬೆಳಿಗ್ಗೆ ಸುಜಾತಾಳ ಫೋನು. ಅತ್ತೆ ಇವತ್ತು ಪಥ್ಯ ಬಿಡ್ತಾರೆ, ಹೋಳಿಗೆ ಮಾಡೀವಿ, ಪಥ್ಯ ಕೊಟ್ಟೋರು ಬರದೆ ಊಟಕ್ಕೆ ಕೂರಲ್ಲ ಅಂತಾರೆ, ಬರ್ರಿ ಮೇಡಂ ಎಂದಳು. ನನ್ನ ಜೀವ ಬಾಯಿಗೆ ಬಂತು. ಪಥ್ಯ ಎಂದಮೇಲೆ ಅದನ್ನು ಬಿಡುವ ದಿನವೂ ಇರುತ್ತದೆ, ಆ ದಿನ ಸಿಹಿ ಮಾಡುತ್ತಾರೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಸೊರಬದ ನಮ್ಮ ಮನೆಯಲ್ಲಿ, ಚಿಕ್ಕಂದಿನಲ್ಲಿ ಕಾಮಾಲೆಯಾಗಿ ನಾಟಿ ಔಷಧಿ ಕುಡಿದು, ಪಥ್ಯ ಬಿಟ್ಟ ದಿನ ಎಂಟು ದೋಸೆ ಬೆಲ್ಲ ಹಚ್ಚಿಕೊಂಡು ತಿಂದವಳು ಸಾಕ್ಷಾತ್ ನಾನೇ. ಅಮ್ಮ ಎಣಿಸಿದ್ದು ಎಂಟು, ನಾನು ತಿಂದದ್ದು ಬೇರೆ. ಇಷ್ಟೆಲ್ಲ ಗೊತ್ತಿದ್ದೂ ನಲವತ್ತೆಂಟು ದಿನ ಎಂದು ಬಾಯಿಬಿಟ್ಟಿದ್ದೆ. ಬಸ್ಸು ಹತ್ತಿ ಉಡುತಡಿ ಮುಟ್ಟುವವರೆಗೂ ಬುಧವಾರದ ಆಪರೇಷನ್ನೇ ಕಣ್ಣ ಮುಂದೆ.

ಅಜ್ಜಿ ಹೊಸ ಸೀರೆ ಉಟ್ಟು ಎಲೆ ಮುಂದೆ ಕೂತು ಕಾಯುತ್ತಿದ್ದಳು. ಎಲೆಯ ಮೇಲೆ ತುಪ್ಪ ಸುರಿದ ಎರಡು ಹೋಳಿಗೆ. ನಾನು ಏದುಸಿರು ಬಿಡುತ್ತ, ತಪ್ಪು ನನ್ನದೇ ಅಜ್ಜಿ, ಈ ಪಥ್ಯಕ್ಕೆ ಬಿಡೋ ದಿನ ಇಲ್ಲ ಎಂದೆ.

"ಇಲ್ಲ ಅಂದ್ರ? ಎಲ್ಲೀಮಟ?"

"ಜೀವ ಇರೋತನಕ."

ಅಜ್ಜಿ ಬಹಳ ಹೊತ್ತು ಹೋಳಿಗೆಯ ವಾಸನೆ ಹಿಡಿದು ಕೂತಳು. ಕೈ ಎಲೆಯ ಹತ್ತಿರವೇ ಇತ್ತು. ಆಮೇಲೆ ಅವಳು ನಕ್ಕಳು.

"ಹಂಗಾದ್ರ ಇದು ಪಥ್ಯ ಅಲ್ಲ ಬಿಡವ್ವ, ಮದುವಿ."

ಎಲೆಯನ್ನು ನನ್ನ ಕಡೆಗೆ ಸರಿಸಿ, ಸೊಸೆಯ ಹತ್ತಿರ ರೊಟ್ಟಿ, ಸೊಪ್ಪಿನ ಪಲ್ಯ ಕೇಳಿ ಹಾಕಿಸಿಕೊಂಡಳು. ನನ್ನ ಕಣ್ಣು ತುಂಬಿತು. ಮಾಡಿದ ಹೋಳಿಗೆ ಹಾಳಾಗಬಾರದಲ್ಲ ಎಂದು ನಾಲ್ಕು ತಿಂದೆ.

ಬುಧವಾರ ಒಂದು ಕಣ್ಣಿನ ಪೊರೆ ತೆಗೆದರು. ತಿಂಗಳು ಕಳೆದು ಅಜ್ಜಿ ಆಸ್ಪತ್ರೆಗೆ ಬಂದಳು. ಪೂರ್ತಿ ಮುಗಿದ ಕೌದಿಯನ್ನು ನನ್ನ ಮೇಜಿನ ಮೇಲೆ ಹರಡಿದಳು. ಶುಗರ್ ಹಾಗೇ ಹಿಡಿತದಲ್ಲಿತ್ತು. ಅಲ್ಲಿದ್ದವರೆಲ್ಲ ನೋಡಲಿ ಎಂದು ನಾನು ಎದೆಯುಬ್ಬಿಸಿ ಎದ್ದು ನಿಂತೆ. ಅಜ್ಜಿ ಹೊಸ ಕಣ್ಣಲ್ಲಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನಿಧಾನವಾಗಿ ನೋಡಿದಳು.

"ತಂಗಿ, ಪಥ್ಯ ಹೇಳಿದಾಕಿ ನೀನೇ ಏನು? ಆಗ ನಿನ್ನ ದನಿ ಅಷ್ಟೇ ಕೇಳ್ತಿತ್ತು, ಮೈ ಕಾಣ್ತಿರಲಿಲ್ಲ. ಕಂಡಿದ್ರ ಆ ಹೋಳಿಗಿ ನಾನು ಬಿಡ್ತಿದ್ನೇನು?"

ಅಂದಿನಿಂದ ನನ್ನ ಪದ್ಧತಿಗೆ ಒಂದು ತಿದ್ದುಪಡಿ ಮಾಡಿಕೊಂಡಿದ್ದೇನೆ. ಎಪ್ಪತ್ತು ದಾಟಿದವರಿಗೆ ಹೇಳುವುದನ್ನೆಲ್ಲ ಪೊರೆ ತೆಗೆಸುವ ಮೊದಲೇ ಹೇಳಿ ಮುಗಿಸುತ್ತೇನೆ.