ಹೊಸ ಆಟದ ಜೊತೆ ಬಂದ ಹಳೇ ನಾಯಿ

ಕಂಪ್ಯೂಟರ್ ಅಂಗಡಿ ಇಟ್ಟವನ ಹಣೆಬರಹವೇ ಇಂಥದ್ದು. ಜನ ಏನೇನೋ ಹೊತ್ತು ತರುತ್ತಾರೆ, ರಿಪೇರಿಯಾದ ಮೇಲೆ ಅದನ್ನು ಒಯ್ಯುತ್ತಾರೆ, ತಮಾಷೆಯನ್ನು ಮಾತ್ರ ನನ್ನ ಅಂಗಡಿಯಲ್ಲೇ ಬಿಟ್ಟು ಹೋಗುತ್ತಾರೆ. ಚಿಕ್ಕೋಡಿಯಲ್ಲಿ ನಾನು ಅಂಗಡಿ ತೆರೆದಾಗಿನಿಂದ ಇದೇ ನಡೆದಿದೆ. ದೃಷ್ಟಿಯಾಗಿದೆ ಎಂದು ಪ್ರಿಂಟರಿಗೆ ನಿಂಬೆಹಣ್ಣು ಕಟ್ಟಿಕೊಂಡು ಬಂದವರನ್ನೂ ನೋಡಿದ್ದೇನೆ.

ಆದರೆ ಇಲ್ಲಿ ಬರೆಯುವುದು ಒಬ್ಬನ ಪ್ರಸಂಗಗಳನ್ನು ಮಾತ್ರ. ಅವನು ಬೋರಗಾಂವದಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದ ನನ್ನ ಗೆಳೆಯ. ಈ ಬೇಸಿಗೆಯಲ್ಲಿ ತೀರಿಕೊಂಡ. ಎಲ್ಲ ನಗುವಂಥ ಸಂಗತಿಗಳೇ. ನಾನು ನಡುನಡುವೆ ಬರೆಯುವುದನ್ನು ನಿಲ್ಲಿಸಿ ಎದ್ದು ಹೋಗುತ್ತೇನೆ. ಓದುವವರು ನನಗಾಗಿ ಕಾಯದೆ ನಗಬಹುದು.

೧. ಹಳೆಯದನ್ನು ಒಯ್ಯದ ವ್ಯಾಪಾರಿ

ನಾವಿಬ್ಬರೂ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದ ಕಾಲದಲ್ಲಿ ಒಂದು ಸಿ.ಡಿ. ಕೈಗೆ ಸಿಕ್ಕಿತ್ತು. ಅದರಲ್ಲೊಂದು ಆಟ. ಗುಂಡು ಹಾರಿಸುವುದಲ್ಲ, ಕಾರು ಓಡಿಸುವುದಲ್ಲ. ನಾವೇ ಒಬ್ಬ ಅಲೆಮಾರಿಯ ವೇಷ ತೊಟ್ಟು ಊರೂರು ತಿರುಗಬೇಕು, ಸಿಕ್ಕವರನ್ನು ಮಾತಾಡಿಸಬೇಕು, ಅವರ ಕಷ್ಟ ಕೇಳಬೇಕು, ಕೆಲಸ ಮಾಡಿಕೊಡಬೇಕು. ಮೊದಲ ಊರಿನಲ್ಲೇ ಒಂದು ಬಡಕಲು ನಾಯಿ ಬೆನ್ನು ಹತ್ತುತ್ತದೆ. ಕಡೆಯವರೆಗೂ ಜೊತೆಗಿರುತ್ತದೆ. ಕಟ್ಟಕಡೆಗೆ ಒಂದು ಸೇತುವೆ ಬರುತ್ತದೆ, ಅದನ್ನು ದಾಟಿದರೆ ಕಥೆ ಮುಗಿಯಿತು. ಆದರೆ ನಾಯಿ ಸೇತುವೆ ಹತ್ತುವುದಿಲ್ಲ. ಬಿಟ್ಟು ಹೋಗಬೇಕು.

ನಾನು ಒಂದೇ ತಿಂಗಳಲ್ಲಿ ನಾಯಿ ಬಿಟ್ಟೆ, ಆಟ ಮುಗಿಸಿದೆ. ಅವನು ಇಪ್ಪತ್ತು ವರ್ಷ ಕಳೆದರೂ ದಾಟಲಿಲ್ಲ. ಸೇತುವೆಯ ತನಕ ಹೋಗುವುದು, ನಾಯಿಯ ಮುಖ ನೋಡುವುದು, ತಿರುಗಿ ಬರುವುದು. ನಾನು ಎಷ್ಟು ಗೇಲಿ ಮಾಡಿ ಚಾಳಿಸಿದರೂ ಅಷ್ಟೇ.

ಅವನದು ರಾಯಬಾಗ ಕಡೆಯ ಕುರಿ ಕಾಯುವ ಮನೆತನ. ಸಣ್ಣವನಿದ್ದಾಗ ಯಡೂರಿನ ಹತ್ತಿರ ದೋಣಿಯಲ್ಲಿ ಕುರಿ ದಾಟಿಸುತ್ತಿದ್ದರಂತೆ. ಹೊಳೆ ಏರುತ್ತಿತ್ತು, ದೋಣಿ ತುಂಬಿತ್ತು. "ನಾಯಿ ಅಲ್ಲೇ ಇರ್ಲಿ, ಸಂಜಿಕ ಬಂದ ಕರ್ಕೊಂಡ ಹೋಗೋಣು" ಎಂದನಂತೆ ಅಪ್ಪ. ಸಂಜೆ ದೋಣಿ ಬಿಡಲಿಲ್ಲ. ಎರಡು ದಿನ ಆಚೆ ದಂಡೆಯಲ್ಲಿ ನಾಯಿ ನಿಂತಿದ್ದು ಕಾಣುತ್ತಿತ್ತು. ಮೂರನೆಯ ದಿನ ಕಾಣಲಿಲ್ಲ. ಇದನ್ನು ಅವನು ನನಗೆ ಹೇಳಿದ್ದು ಒಂದೇ ಸಲ. ಅವತ್ತಿನಿಂದ ನಾನು ಚಾಳಿಸುವುದನ್ನು ಬಿಟ್ಟೆ.

ಎರಡು ವರ್ಷದ ಹಿಂದೆ ಆ ಆಟವನ್ನು ಕಂಪನಿಯವರು ಹೊಸದಾಗಿ ತಿದ್ದಿ ತೀಡಿ ಬಿಟ್ಟರು. ಚಿತ್ರ ಹೊಸದು, ದನಿ ಹೊಸದು. ಜೊತೆಗೆ, ಬೇಕಾದವರಿಗೆ ಇರಲಿ ಎಂದು, ಹಳೆಯ ಆಟವನ್ನೂ ಇದ್ದ ಹಾಗೇ ಸೇರಿಸಿ ಕೊಟ್ಟಿದ್ದರು. ನಾನು ಖುಷಿಯಿಂದ ಅವನಿಗೆ ಫೋನ್ ಮಾಡಿದೆ. ಬಂದ, ಕೂತ, ಎಲ್ಲ ಕೇಳಿಸಿಕೊಂಡ. ಮುಖ ಮಾತ್ರ ಗಂಟಾಯಿತು.

"ದೋಸ್ತ, ಹೊಸಾ ಮಗ್ಗ ಕೊಟ್ಟವ ಹಳೇ ಮಗ್ಗ ಹೊತ್ಕೊಂಡ ಹೋಗ್ತಾನ. ಟಿ.ವಿ. ಕೊಟ್ಟವ ಹಳೇ ಟಿ.ವಿ. ಒಯ್ತಾನ. ಇವ ಯಾಕ ಹಳೇದನ್ನೂ ಇಲ್ಲೇ ಬಿಟ್ಟ ಹೊಂಟಾನ?"

"ಎರಡೂ ಇರ್ಲಿ ಅಂತ."

"ಅಲ್ಲಲೇ. ಹೊಸಾದರ ಮ್ಯಾಲ ಮಾಡಿದವಗs ಭರೋಸಾ ಇಲ್ಲ. ನಾನೂ ಡೌಟ್ ಇದ್ದಾಗ ಗಿರಾಕಿಗೆ ಹಳೇ ಪಾರ್ಟ್ ಇಟ್ಕೋ ಅಂತ ಹೇಳಿ ಬರ್ತೇನಿ."

೨. ಆಯಿಯ ಕಾನೂನು

ಅದೇ ವರ್ಷ ಅವನ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ಸಲ ಡಯಾಲಿಸಿಸ್, ಚಿಕ್ಕೋಡಿಯಲ್ಲೇ. ಹೋದಾಗೊಮ್ಮೆ ನಾಲ್ಕು ತಾಸು ಮಲಗಬೇಕು. ಎಡಗೈಗೆ ಸೂಜಿ, ಬಲಗೈ ಖಾಲಿ. ನಾನು ಒಂದು ಹಳೆಯ ಲ್ಯಾಪ್‌ಟಾಪಿಗೆ ಎರಡೂ ಆಟ ಹಾಕಿಕೊಟ್ಟೆ. ಮೌಸ್ ಒಂದಿದ್ದರೆ ಒಂದೇ ಕೈಯಲ್ಲಿ ಆಡಬಹುದಿತ್ತು. ಅವನು ತೆರೆಯುತ್ತಿದ್ದದ್ದು ಹಳೆಯದನ್ನು ಮಾತ್ರ.

ಪಕ್ಕದ ಹಾಸಿಗೆಯಲ್ಲಿ ಹಾರೂಗೇರಿ ಕಡೆಯ ಒಬ್ಬ ಮುದುಕಿ. ಅವಳನ್ನು ಎಲ್ಲರೂ ಆಯಿ ಎನ್ನುತ್ತಿದ್ದರು. ಅವಳು ಮಲಗಿದಲ್ಲಿಂದಲೇ ಪರದೆಯ ಮೇಲೆ ಕಣ್ಣಿಟ್ಟಿರುತ್ತಿದ್ದಳು. ಇಂಥ ಆಟಗಳಲ್ಲಿ ಯಾರದೇ ಮನೆಗೆ ನುಗ್ಗಿ ಪೆಟ್ಟಿಗೆ ತೆರೆದು ಇದ್ದದ್ದನ್ನು ಎತ್ತಿಕೊಳ್ಳುವುದು ವಾಡಿಕೆ. ಇವನೂ ಒಂದು ಮನೆಯಲ್ಲಿ ರೊಟ್ಟಿ, ಔಷಧಿ, ಒಂದು ಕಂಬಳಿ ಎತ್ತಿದ.

"ಏ ತಮ್ಮಾ," ಎಂದಳು ಆಯಿ. "ಆ ಮನಿ ಯಾರದು?"

"ಗೊತ್ತಿಲ್ಲ ಆಯಿ. ಆಟ ಇದು."

"ಆಟ ಇದ್ರ? ಮನ್ಯಾಗ ಯಾರೂ ಇಲ್ಲಂತ ಕಂಬಳಿ ಎತ್ಕೊಂಡ ಬರೂದೇನ? ಥಂಡಿ ದಿವಸ ಬಂದ್ರ ಅವ್ರೇನ ಹೊತ್ಕೋಬೇಕು?"

ಕೈಗೆ ಸೂಜಿ ಚುಚ್ಚಿಸಿಕೊಂಡ ಐವತ್ತರ ಹತ್ತಿರದ ಗಂಡಸು, ಕಾಲೇಜಿಗೆ ಹೋಗುವ ಮಗಳಿದ್ದವನು, ಆಟದೊಳಗೆ ಆ ಮನೆಗೆ ತಿರುಗಿ ಹೋದ. ಹಳೆಯ ಆಟದಲ್ಲಿ ಎತ್ತಿದ್ದನ್ನು ಪೆಟ್ಟಿಗೆಗೆ ಮತ್ತೆ ಇಡಲು ಬರುವುದಿಲ್ಲ, ನೆಲಕ್ಕೆ ಬಿಡಬಹುದು ಅಷ್ಟೇ. ಎಲ್ಲವನ್ನೂ ಹೊಸ್ತಿಲ ಹತ್ತಿರ ಬಿಟ್ಟ. "ನಾಯಿಗಿ ಒಂದು ರೊಟ್ಟಿ ಇಟ್ಕೋ," ಎಂದು ಆಯಿಯೇ ರಿಯಾಯಿತಿ ಕೊಟ್ಟಳು.

ಮುಂದೆ ಅವನು ಆಟದಲ್ಲಿ ಒಂದು ಸೂಜಿಯನ್ನೂ ಕದಿಯಲಿಲ್ಲ. ಔಷಧಿಯಿಲ್ಲದೆ ಎರಡು ಸಲ ಸತ್ತ, ಮತ್ತೆ ಮೊದಲಿನಿಂದ ಶುರು ಮಾಡಿದ. ಹೊಸ ಆಟದಲ್ಲಿ ಕದ್ದರೆ ಊರವರು ಹಿಡಿದು ಬೈಯುತ್ತಾರೆ ಎಂದು ನಾನು ಆಯಿಗೆ ಹೇಳಿದೆ. ಆಕೆ ತಲೆಯಾಡಿಸಿ, "ಕಂಪನ್ಯಾಗ ಯಾರೋ ನಮ್ಮಂಥಾ ಮುದುಕಿನ್ನ ಕೆಲಸಕ್ಕ ಇಟ್ಕೊಂಡಾರ," ಎಂದಳು.

೩. ಶಾಂಪೂ ಹಚ್ಚಿದ ನಾಯಿ

ಹೆಂಡತಿ ತನ್ನ ಕಿಡ್ನಿ ಕೊಡುತ್ತೇನೆಂದಳು, ಹೊಂದಲಿಲ್ಲ. ಅವನು ದಿನದಿನಕ್ಕೆ ಇಳಿಯುತ್ತ ಹೋದ. ಒಂದು ದಿನ ನನ್ನನ್ನು ಹತ್ತಿರ ಕರೆದು, "ದೋಸ್ತ, ಇನ್ನ ನಂದ ಭಾಳ ದಿವಸ ಇಲ್ಲ. ಅಷ್ಟರಾಗ ಆ ನಾಯಿನ್ನ ದಾಟಸಬೇಕು," ಎಂದ.

ನಾನು ಮನೆಗೆ ಬಂದು ಹೊಸ ಆಟವನ್ನು ಕೂತು ಆಡಿದೆ. ಏನಾಶ್ಚರ್ಯ, ಹೊಸದರಲ್ಲಿ ನಾಯಿ ಸೇತುವೆ ದಾಟುತ್ತದೆ. ಯಾರು ಯಾರು ಅತ್ತು ಕರೆದು ಕಂಪನಿಗೆ ಬರೆದಿದ್ದರೋ, ಅದೊಂದನ್ನು ಸರಿಮಾಡಿದ್ದರು. ನಾನು ಮರುದಿನವೇ ದವಾಖಾನೆಗೆ ಓಡಿದೆ. ಲ್ಯಾಪ್‌ಟಾಪಿನಲ್ಲಿ ಹೊಸ ಆಟ ತೆರೆದು, ಸೇತುವೆಯ ಹತ್ತಿರ ತಂದು ನಿಲ್ಲಿಸಿ, ಮೌಸ್ ಅವನ ಕೈಗೆ ಕೊಟ್ಟೆ. ಅವನು ನಡೆದ. ನಾಯಿಯೂ ಬಾಲ ಆಡಿಸುತ್ತ ಹಿಂದೆ ಬಂತು. ಮೈಯ ಒಂದೊಂದು ಕೂದಲೂ ಮಿರಿಮಿರಿ ಮಿಂಚುತ್ತಿತ್ತು. ದಾಟಿತು. ಸಂಗೀತ ಬಂತು.

ಅವನು ಬಹಳ ಹೊತ್ತು ನೋಡಿದ. "ಇದಕ್ಕ ಶಾಂಪೂ ಹಚ್ಯಾರ," ಎಂದ.

"ದಾಟ್ತಲ್ಲೋ ಮಾರಾಯ."

"ಇದು ದಾಟ್ತು. ಆ ನಾಯಿ ಇನ್ನೂ ಅಲ್ಲೇ ನಿಂತೈತಿ."

ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಹೊತ್ತುಗೊತ್ತು ನೋಡುವುದಿಲ್ಲ. ಹಟ ಮಾಡಲು ಒಂದು ವಯಸ್ಸು ಬೇಕು, ಚಿತ್ರದ ನಾಯಿಗಾಗಿ ನನ್ನ ಜೀವ ತಿನ್ನಬೇಡ ಎಂದೆ. ಅವನು ಕಣ್ಣು ಮುಚ್ಚಿದ. ಕಾಯಿಲೆಯವನ ಮುಂದೆ ಹೀಗೆ ಕೂಗಾಡಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ. ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಅವನ ಹೆಂಡತಿ ಚಹಾ ತಂದುಕೊಟ್ಟಳು. ಹೊಸದು ಹಳೆಯದು ಏನು ಜಗಳ ಎಂದು ಕೇಳಿದಳು. ಹೇಳಿದೆ.

ಆಕೆ ಖಾಲಿ ಕಪ್ ತೆಗೆದುಕೊಂಡು, "ಅಣ್ಣಾರ, ಆ ಕಂಪನ್ಯಾವರಿಗೆ ಒಂದ ಮಾತ ಕೇಳ್ರಿ. ನಮ್ಮನಿಯವ್ರನ್ನೂ ಹಂಗ ಹೊಸಾದ ಮಾಡಿ ಕೊಡ್ತಾರೇನು," ಎಂದಳು. ಮತ್ತೆ ತಾನೇ ನಕ್ಕು, "ಹಳೇವ್ರೂ ಜೋಡಿ ಇರ್ಲಿ ಅಂತ ಹೇಳ್ರಿ. ಹೊಸಾವ್ರು ನನ್ನ ಮಾತ ಕೇಳ್ತಾರೋ ಇಲ್ಲೋ," ಎಂದಳು.

೪. ಕಂಪನಿಗೆ ಅರ್ಜಿ

ಸಿಟ್ಟಿಳಿದ ಮೇಲೆ ನಾನೇ ಸೋತೆ. ಕಂಪನಿಗೆ ಬರೆಯೋಣ ಎಂದೆ. ಅವನು ಹೇಳಿದ, ನಾನು ಇಂಗ್ಲಿಷಿಗೆ ತಿರುಗಿಸಿದೆ. "ಹಳೇದ್ರಾಗೂ ನಾಯಿ ದಾಟೂ ಹಂಗ ಮಾಡ್ರಿ. ದೊಡ್ಡ ಕೆಲಸ ಅಲ್ಲ, ಒಂದ ಬೋಲ್ಟ್ ಸಡ್ಲ ಮಾಡಿದ್ರ ಆಗ್ತೈತಿ. ಬೇಕಂದ್ರ ನಾನs ಬಂದ ಮಾಡಿಕೊಡ್ತೇನಿ, ಮಂಗಳವಾರ, ಗುರುವಾರ, ಶನಿವಾರ ಬಿಟ್ಟು." ಆ ಮೂರು ದಿನ ಡಯಾಲಿಸಿಸ್.

ಎಂಟು ದಿನಕ್ಕೆ ಉತ್ತರ ಬಂತು. ಹಳೆಯ ಆಟವನ್ನು ಇದ್ದ ಹಾಗೇ ಕಾಪಾಡುವುದು ತಮ್ಮ ಉದ್ದೇಶ, ಅದರ ತಪ್ಪುಗಳನ್ನೂ ಸೇರಿಸಿ, ದಯವಿಟ್ಟು ಹೊಸದನ್ನು ಆಡಿರಿ ಎಂದಿತ್ತು. ಅದನ್ನು ಅವನಿಗೆ ಕನ್ನಡದಲ್ಲಿ ಓದಿ ಹೇಳಿದೆ.

ಅವನೇ ಸಮಾಧಾನ ಮಾಡಿದ. "ಸರಿ ಐತಲ್ಲ. ಆಗಿ ಹೋಗಿದ್ದನ್ನ ಯಾರಿಗೆ ತಿದ್ದಾಕ ಬರ್ತೈತಿ?"

ಆ ವಾರ ಪಕ್ಕದ ಹಾಸಿಗೆ ಖಾಲಿಯಾಗಿತ್ತು. ಆಯಿ ಹೋಗಿಬಿಟ್ಟಿದ್ದಳು. ಅವನು ಆಟ ತೆರೆದು ಆ ಕಂಬಳಿಯ ಮನೆಗೆ ಹೋಗಿ, ಹೊಸ್ತಿಲ ಮೇಲೆ ಒಂದು ರೊಟ್ಟಿ ಇಟ್ಟು ಬಂದ. ನರ್ಸ್ ಬಂದು ಏನ್ರಿ ಮಾಡಾಕತ್ತೀರಿ ಎಂದು ಕೇಳಿದಳು. "ಏನಿಲ್ರಿ, ಒಬ್ಬರ ಮನಿಗಿ ಹೋಗಿದ್ದೆ. ಈ ಸಲ ಕೈ ಖಾಲಿ ಬಂದೇನಿ, ಬೇಕಾದ್ರ ಕಿಸೆ ತಡವಿ ಝಡತಿ ತಗೋರಿ," ಎಂದ.

೫. ಕಾಗೆಯ ಗೊಂದಲ

ಮೇ ತಿಂಗಳಲ್ಲಿ ಅವನು ಹೋದ. ನಾಯಿ ಸೇತುವೆಯ ಈಚೆಯೇ ಉಳಿಯಿತು.

ಮೂರನೆಯ ದಿನ ಯಡೂರಿನ ಹೊಳೆ ದಂಡೆಯಲ್ಲಿ ಎಡೆ ಇಟ್ಟರು. ಅನ್ನ, ಅವನಿಗೆ ಸೇರುವ ಚುರಮುರಿ, ಮಿರ್ಚಿ ಭಜಿ, ಒಂದು ಕಪ್ ಚಹಾ. ಕಿಡ್ನಿ ಹೋದಾಗಿನಿಂದ ಅವನಿಗೆ ಭಜಿ ಮುಟ್ಟಗೊಟ್ಟಿರಲಿಲ್ಲ, ಅದಕ್ಕೆ ನಾಲ್ಕು ಹೆಚ್ಚಿಗೆ ಇಟ್ಟಿದ್ದರು. ನಮ್ಮ ಕಡೆ ಎಡೆಯನ್ನು ಕಾಗೆ ಮುಟ್ಟುವ ತನಕ ಯಾರೂ ಏಳುವಂತಿಲ್ಲ. ಮುಟ್ಟದಿದ್ದರೆ ಹೋದವನ ಆಸೆ ಏನೋ ಉಳಿದಿದೆ ಎಂದು ಲೆಕ್ಕ. ಇದ್ದವರು ಒಬ್ಬೊಬ್ಬರಾಗಿ ನಿಂತು ಮಾತು ಕೊಡಬೇಕು.

ಜಾಲಿಯ ಗಿಡದ ಮೇಲೆ ಒಂದೇ ಕಾಗೆ. ಭಜಿಯನ್ನು ನೋಡುತ್ತದೆ, ನಮ್ಮನ್ನು ನೋಡುತ್ತದೆ, ಇಳಿಯುವುದಿಲ್ಲ. ಅವನ ಸೋದರಮಾವ ಎದ್ದು ನಿಂತ. ಊರ ಎಡೆಗಳಲ್ಲಿ ಇವನೇ ಮುಂದಾಳು. ಕೈಮುಗಿದು, "ಮಗಳನ್ನ ಪೂರಾ ಓದಸ್ತೇವಿ, ಚಿಂತಿ ಮಾಡಬ್ಯಾಡ," ಎಂದ. ಕಾಗೆ ಅಲುಗಲಿಲ್ಲ. ಹೆಂಡತಿ ಎದ್ದು, "ಹೊತ್ತಿಗಿ ಸರಿಯಾಗಿ ಉಣ್ತೇನಿ," ಎಂದಳು. ಕಾಗೆ ಕತ್ತು ಕೊಂಕಿಸಿತು, ಅಷ್ಟೇ. ಬಿಸಿಲು ಏರಿತು. ಚಹಾದ ಮೇಲೆ ಕೆನೆ ಕಟ್ಟಿತು. ಆಕೆಯ ಮುಖ ನೋಡಲಾಗುತ್ತಿರಲಿಲ್ಲ. ಗಂಡ ಹೋದದ್ದಲ್ಲದೆ ನೆಮ್ಮದಿಯಿಲ್ಲದೆ ಹೋದ ಎಂಬುದು ಅವಳಿಗೆ ಸಹಿಸಲಾಗದಾಗಿತ್ತು.

"ಸರ, ನೀವs ಜೀವದ ದೋಸ್ತ," ಎಂದ ಮಾವ ನನ್ನ ಕಡೆ ತಿರುಗಿ. "ನಿಮಗ ಗೊತ್ತಿರತೈತಿ. ಏನರ ಹೇಳ್ರಿ."

ನಾನು ಎದ್ದೆ. ನೆರೆದ ಮಂದಿಯ ನಡುವೆ ನಾಚಿಕೆ ಬಿಟ್ಟು, "ನಿನ್ನ ಆಟ ನಾ ಮುಗಸ್ತೇನಪಾ," ಎಂದೆ. ಕಾಗೆ ಹಾರಿ ಇನ್ನೊಂದು ಕೊಂಬೆ ಮೇಲಕ್ಕೆ ಹೋಯಿತು.

"ಯಾವ ಆಟ?" ಎಂದ ಮಾವ.

"ಕಂಪ್ಯೂಟರ್ ಆಟ. ಎರಡ ಅದಾವು, ಒಂದ ಹಳೇದು, ಒಂದ ಹೊಸಾದು."

"ಹಂಗಾರ ಬಿಡಿಸಿ ಹೇಳ್ರಿ ಸರ. ಕಾಗಿ ಗೊಂದಲಕ್ಕ ಬಿದ್ದೈತಿ."

"ಹೊಸಾದು," ಎಂದೆ. ಕಾಗೆ ಬೆನ್ನು ತಿರುಗಿಸಿತು. "ಹಳೇದು," ಎಂದೆ. ಅದು ರೆಕ್ಕೆ ಕೆದರಿ ಹೊಳೆಯ ಕಡೆ ನೋಡಿತು. ಹಿಂದೆ ಯಾರೋ ಮುಸಿಮುಸಿ ನಕ್ಕರು. ನನಗೆ ಅಳು ಬರುವುದರಲ್ಲಿತ್ತು. ಆಗ ಅವನ ಹೆಂಡತಿ ಸಣ್ಣ ದನಿಯಲ್ಲಿ, "ಅಣ್ಣಾರ, ನಾಯಿ," ಎಂದಳು.

ಹೊಳೆ ಎದುರಿಗೇ ಇತ್ತು. ಆಚೆ ದಂಡೆಯೂ ಕಾಣುತ್ತಿತ್ತು. ನಾನು ಕೈಮುಗಿದು ಹೇಳಿದೆ: "ಮುಗಸೂದಿಲ್ಲ ದೋಸ್ತ. ನಾಯಿ ಬಿಟ್ಟ ಹೋಗೂದಿಲ್ಲ. ನೀ ಎಲ್ಲಿ ಬಿಟ್ಟೀಯೋ ಅಲ್ಲೇ ನಾ ಅದರ ಕೂಡ ಇರ್ತೇನಿ. ಸೇತುವೆ ದಾಟೂದಿಲ್ಲ."

ಕಾಗೆ ಇಳಿಯಿತು. ಅನ್ನವನ್ನು ಮೂಸಿಯೂ ನೋಡದೆ ನೇರ ಒಂದು ಮಿರ್ಚಿ ಭಜಿ ಕಚ್ಚಿಕೊಂಡು ಹೋಯಿತು. ಅವನ ಹೆಂಡತಿ ಸೆರಗು ಬಾಯಿಗೆ ಹಿಡಿದಳು. ಅತ್ತಳೋ ನಕ್ಕಳೋ ನನಗೆ ತಿಳಿಯಲಿಲ್ಲ. ನಾನಂತೂ ಎರಡನ್ನೂ ಮಾಡಿದೆ.

ಮಾವ ಮಾತ್ರ ದಂಗಾಗಿ ನಿಂತಿದ್ದ. "ನಲವತ್ತ ವರ್ಷದಿಂದ ನೋಡಾಕತ್ತೇನಿ ಸರ. ಎಲ್ಲಾ ಕಾಗಿ 'ಮಾಡ್ತೇನಿ' ಅಂದ್ರ ಬರ್ತಾವು. 'ಮಾಡೂದಿಲ್ಲ' ಅಂದಾಗ ಬಂದ ಕಾಗಿ ಇದೊಂದs ನೋಡ್ರಿ."

ಕೊಟ್ಟ ಮಾತು ತಪ್ಪಿದರೆ ಏನಾದೀತೋ ಎಂಬ ಹೆದರಿಕೆ ಮಾವನಿಗೆ ಇನ್ನೂ ಹೋಗಿಲ್ಲ. ಪ್ರತಿ ಅಮಾಸೆಗೆ ತಪ್ಪದೆ ನನ್ನ ಅಂಗಡಿಗೆ ಫೋನ್ ಮಾಡುತ್ತಾನೆ. ನನ್ನ ಟೇಬಲ್ಲಿನ ಮೇಲೆ ಆ ಲ್ಯಾಪ್‌ಟಾಪು ತೆರೆದೇ ಇರುತ್ತದೆ.

"ಸರ, ಕೈ ತಪ್ಪಿ ಆಟ ಮುಗಿಸಿಗಿಗಿಸೀರಿ ಮತ್ತ."

"ಇಲ್ರಿ ಮಾಮಾ. ಸೇತುವೆ ಈಚೆಕs ಅದೇವಿ."

"ನಾಯಿ?"

"ಬಾಜೂಕ ಕುಂತೈತ್ರಿ."