ಮೂರು ಗಂಟೆಯ ವಿಮಾನದ ಇಪ್ಪತ್ತಮೂರು ಸೀಟು

ಮಧ್ಯಾಹ್ನ ಮೂರು ಗಂಟೆಯ ಜೆಜು ವಿಮಾನದಲ್ಲಿ ಇಪ್ಪತ್ತಮೂರು ಸೀಟು ಖಾಲಿ ಇದ್ದದ್ದೇ ಬೂ ಗಿಲ್ಜುಂಗನ ತಲೆ ಕೆಡಿಸಿತು.

ಕೊರಿಯಾದ ಸೋಲ್ ನಗರದ ಒಂದು ಸಣ್ಣ ವಿಮಾನ ಕಂಪನಿಯಲ್ಲಿ ಟಿಕೆಟ್ ದರ ಏರಿಸುವುದು, ಇಳಿಸುವುದು ಅವನ ಕೆಲಸ. ಅಂದು ಸಂಜೆ ಆರಕ್ಕೆ ಜೆಜು ದ್ವೀಪದ ಮನೆಯಲ್ಲಿ ಅಪ್ಪನ ಎಂಬತ್ತನೆಯ ಹುಟ್ಟುಹಬ್ಬದ ಊಟ. ಆರು ವರ್ಷದ ಹಿಂದೆ ಅಮ್ಮ ಸಾಯುವಾಗ ಗಿಲ್ಜುಂಗ್ ಪುಕ್ಕಟೆ ಸೀಟಿಗೆ ಕಾಯುತ್ತ ಕೂತು, ಮಣ್ಣು ಮಾಡುವ ಹೊತ್ತಿಗೆ ತಲುಪಿದ್ದ. ಅಂದಿನಿಂದ ಅಪ್ಪ ಮಾತು ಬಿಟ್ಟಿದ್ದರು. ಹೋದ ವಾರ ಅತ್ತಿಗೆಯ ಕೈಲಿ ಹೇಳಿಸಿದ್ದರು: "ಬರೋದಾದ್ರೆ ಬರಲಿ."

ನೌಕರರಿಗೆ ಪುಕ್ಕಟೆ ಪಾಸ್ ಉಂಟು. ಆದರೆ ಕೊನೆಗೆ ಸೀಟು ಮಿಕ್ಕಿದರೆ ಮಾತ್ರ. ಈ ಸಲ ದುಡ್ಡು ಕೊಟ್ಟೇ ಹೋಗುವುದೆಂದು ಬೆಳಿಗ್ಗೆ ಅವನು ಪರ್ಸ್ ತೆಗೆದಿದ್ದ, ದೇವರಾಣೆಗೂ ತೆಗೆದಿದ್ದ. ದರ ಮೂವತ್ತೆಂಟು ಸಾವಿರ ವೋನ್. ಅಷ್ಟರಲ್ಲಿ ಆ ಇಪ್ಪತ್ತಮೂರು ಖಾಲಿ ಸೀಟು ಕಣ್ಣಿಗೆ ಬಿದ್ದವು. ಪರ್ಸ್ ಮತ್ತೆ ಜೇಬಿಗೆ ಹೋಯಿತು.

ಯಾರೂ ಕೊಳ್ಳದಿರಲಿ ಎಂದು ದರವನ್ನು ಅರವತ್ತು ಸಾವಿರಕ್ಕೆ ಏರಿಸಿದ. ಬೆಲೆ ಏರಿದರೆ ಜನ ಹಿಂದೆ ಸರಿಯುವುದನ್ನು ಹದಿನೈದು ವರ್ಷದಿಂದ ದಿನವೂ ನೋಡುತ್ತಿದ್ದವನು ಅವನು.

ಐದು ನಿಮಿಷದಲ್ಲಿ ಫೋನ್ ಬಂತು. ಅವನ ಅಪಾರ್ಟ್‌ಮೆಂಟಿನ ಮಹಿಳಾ ಸಂಘದ ಅಧ್ಯಕ್ಷೆ ತಾಕ್ ಓಕ್ನ್ಯೊ. ದಿನಕ್ಕೆ ಮೂರು ಸಲ ಟಿಕೆಟ್ ದರ ನೋಡುವುದು, ಕೊಳ್ಳದಿರುವುದು ಆಕೆಯ ಹವ್ಯಾಸ.

"ಏನ್ರೀ ಬೂ ಅವ್ರೇ, ಮೂರು ಗಂಟೆ ವಿಮಾನ ಒಂದೇ ಸಲ ಅರವತ್ತು ಸಾವಿರ ಮಾಡ್ಬಿಟ್ರಲ್ಲ! ಇಳಿಯುತ್ತೇನ್ರೀ?"

ಈಕೆಯ ಆಸೆಯನ್ನು ಬೇರುಸಮೇತ ಕಿತ್ತುಹಾಕಬೇಕೆಂದು ಗಿಲ್ಜುಂಗ್ ಹೇಳಿದ, "ಇಳಿಯೋದಾ? ಮಧ್ಯಾಹ್ನಕ್ಕೆ ತೊಂಬತ್ತು ಆಗುತ್ತೆ ಅಕ್ಕಾ. ಮರೆತುಬಿಡಿ."

ತಾಕ್ ಓಕ್ನ್ಯೊ ಮರೆಯಲಿಲ್ಲ. ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ಬರೆದಳು: "ದರ ಹಾಕೋ ಮನುಷ್ಯನೇ ಬಾಯಿಬಿಟ್ಟಿದಾನೆ. ತೊಂಬತ್ತು ಆಗುತ್ತಂತೆ. ಈಗ್ಲೇ ತಗೊಳ್ಳಿ!" ನಾಲ್ಕುನೂರು ಮನೆಗಳ ಗ್ರೂಪು ಅದು. ಮೂವತ್ತೆಂಟಕ್ಕೆ ಮೂಸಿ ನೋಡದಿದ್ದ ಜನ ಅರವತ್ತಕ್ಕೆ ಮುಗಿಬಿದ್ದರು. ಗಿಲ್ಜುಂಗ್ ಗಾಬರಿಯಾಗಿ ತೊಂಬತ್ತು ಮಾಡಿದ. "ನೋಡಿದ್ರಾ, ಹೇಳ್ದಂಗೇ ಆಯ್ತು!" ಎಂದು ಉಳಿದವರೂ ನುಗ್ಗಿದರು. ಹನ್ನೊಂದೂವರೆಗೆ ಮೂರು ಗಂಟೆಯ ವಿಮಾನದಲ್ಲಿ ಸೂಜಿ ಇಡಲೂ ಜಾಗವಿರಲಿಲ್ಲ. ನೂಕುನುಗ್ಗಲು ಕಂಡು ಊರಿನ ಬೇರೆಯವರೂ ಸೇರಿಕೊಂಡರು. ಸಂಜೆಯ ವಿಮಾನಗಳೂ ತುಂಬಿದವು.

ಅವನು ಅತ್ತಿಗೆಗೆ ಫೋನ್ ಮಾಡಿದ. "ಅತ್ತಿಗೆ, ಸೀಟಿಲ್ಲ. ಬರೋಕಾಗಲ್ಲ. ಅಪ್ಪಂಗೆ ಹೇಳಿಬಿಡಿ."

"ಇವತ್ತೂನಾ?" ಅಂದಳು ಅತ್ತಿಗೆ.

ಅಷ್ಟರಲ್ಲಿ ಮ್ಯಾನೇಜರ್ ನಮ್ಗುಂಗ್ ಹಲ್ಲು ಕಿರಿಯುತ್ತ ಬಂದ. "ಬೂ, ನೀನು ಭಾರಿ ಆಸಾಮಿ ಕಣಯ್ಯ! ಬೆಲೆ ಏರಿಸಿ ವಿಮಾನ ತುಂಬಿಸಿದೀಯ! ಮೂರೂವರೆಗೆ ಇನ್ನೊಂದು ವಿಮಾನ ಬಿಡ್ತಿದೀವಿ. ನೂರ ನಲವತ್ತೆಂಟು ಸಾವಿರ ಹಾಕು."

ಗಿಲ್ಜುಂಗನಿಗೆ ಹೋದ ಜೀವ ಬಂತು. "ಸರ್, ಅದರಲ್ಲಿ ನನ್ನ ಪಾಸು..."

"ಪಾಸು ಗೀಸು ಇಲ್ಲ. ಇವತ್ತು ಒಂದೊಂದು ಸೀಟೂ ಚಿನ್ನ. ಆಮೇಲೆ ಕೇಳು, ಅದೇ ವಿಮಾನ ಐದಕ್ಕೆ ಜೆಜುವಿಂದ ಖಾಲಿ ವಾಪಸ್ ಬರಬೇಕು. ಅದಕ್ಕೆ ಒಂಬತ್ತು ಸಾವಿರದ ಒಂಬೈನೂರು ಹಾಕು. ನಾಯಿ ನರಿ ಬಂದ್ರೂ ಹತ್ತಿಸಿಕೊಳ್ಳೋಣ."

ಎರಡು ದರವನ್ನೂ ಗಿಲ್ಜುಂಗ್ ತನ್ನ ಕೈಯಾರೆ ಹಾಕಿದ. ಆಮೇಲೆ, ಹಲ್ಲು ಕೀಳಿಸಿಕೊಳ್ಳುವವನ ಮುಖ ಮಾಡಿಕೊಂಡು, ತಾನೇ ಹಾಕಿದ ನೂರ ನಲವತ್ತೆಂಟು ಸಾವಿರ ಕೊಟ್ಟು ಟಿಕೆಟ್ ಕೊಂಡ. ಅತ್ತಿಗೆಗೆ ತಿಳಿಸಲಿಲ್ಲ. ದಿಢೀರನೆ ಬಾಗಿಲಲ್ಲಿ ನಿಂತಾಗ ಅಪ್ಪನ ಮುಖ ಹೇಗಾಗುತ್ತದೆಂದು ನೋಡಬೇಕಿತ್ತು.

ವಿಮಾನದಲ್ಲಿ ಪಕ್ಕದ ಸೀಟಿಗೆ ಬಂದವಳು ತಾಕ್ ಓಕ್ನ್ಯೊಳೇ. ಊರಿಗೆಲ್ಲ ಸುದ್ದಿ ಹಂಚುವುದರಲ್ಲಿ ಮೂರು ಗಂಟೆಯದು ಆಕೆಗೇ ತಪ್ಪಿಹೋಗಿತ್ತು.

"ಜೆಜುವಲ್ಲಿ ಏನ್ ಕೆಲಸ ಅಕ್ಕಾ?"

"ಕೆಲಸ ಎಂಥದ್ದೂ ಇಲ್ಲ. ಇಷ್ಟು ದುಬಾರಿ ಆದ್ಮೇಲೆ ಬಿಡೋಕಾಗುತ್ತೇನ್ರೀ?"

ಜೆಜುವಿನಲ್ಲಿಳಿದು, ಬಸ್ಸು ಹಿಡಿದು, ಆರಕ್ಕೆ ಸರಿಯಾಗಿ ಮನೆ ತಲುಪಿದ. ಬಾಗಿಲು ತೆರೆದ ಅತ್ತಿಗೆ ದೆವ್ವ ಕಂಡವಳಂತೆ ನಿಂತಳು. ಒಳಗೆ ಹುಟ್ಟುಹಬ್ಬಕ್ಕೆಂದು ಮಾಡುವ ಕಡಲಪಾಚಿಯ ಸೂಪು, ಹುರಿದ ಮೀನು ಮುಚ್ಚಿಟ್ಟಿದ್ದವು. ಅಪ್ಪನ ಜಾಗ ಖಾಲಿ.

"ಅಪ್ಪ ಎಲ್ಲಿ?"

"ನಿಮ್ಮನ್ನ ನೋಡೋಕೇ ಹೋದ್ರಲ್ಲ! ನೀವು ಬರಲ್ಲ ಅಂದ್ರಿ. ಐದು ಗಂಟೆ ವಿಮಾನ ಒಂಬತ್ತು ಸಾವಿರಕ್ಕಿದೆ ಅಂತ ಸುಮ್ನೆ ಬಾಯಿಗೆ ಬಂದಿದ್ದು ಹೇಳ್ದೆ. 'ಅವನು ಬರದಿದ್ರೆ ನಾನೇ ಹೋಗಿ ಅವನ ಜೊತೆ ಉಣ್ತೀನಿ' ಅಂತ ಎದ್ದೇಬಿಟ್ರು. ನಿಮಗೆ ಎಷ್ಟು ಸಲ ಫೋನ್ ಮಾಡಿದೆ, ಹತ್ತೇ ಇಲ್ಲ!"

ಅಪ್ಪ ಹತ್ತಿದ್ದು ತಾನು ಇಳಿದ ಅದೇ ವಿಮಾನ. ಅವನು ಒಂದು ಬಾಗಿಲಿಂದ ಹೊರಬರುತ್ತಿದ್ದಾಗ, ಗಾಜಿನ ಆಚೆ ಸಾಲಿನಲ್ಲಿ ಅಪ್ಪ ಸೂಪಿನ ಡಬ್ಬಿ ಹಿಡಿದು ನಿಂತಿದ್ದರು.

ಗಿಲ್ಜುಂಗ್ ಸೋಲ್‌ಗೆ ವಾಪಸು ಹೋಗುವ ರಾತ್ರಿಯ ವಿಮಾನಗಳನ್ನು ನೋಡಿದ. ಒಂದು ಸೀಟೂ ಇರಲಿಲ್ಲ. ಏಳೂವರೆಗೆ ಫೋನ್ ಬಂತು. ಆರು ವರ್ಷದ ಮೇಲೆ ಅಪ್ಪನ ದನಿ.

"ನಿನ್ನ ಮನೆ ಮುಂದೆ ನಿಂತಿದೀನಿ. ಬೀಗ ಹಾಕಿದೆ. ನೀನು ಖುಷಿಯಾಗಿ ಜೆಜುಗೆ ಹೋಗಿದೀಯ ಅಂತ ಗ್ರೂಪಲ್ಲಿ ಬಂದಿದೆಯಂತೆ, ಪಕ್ಕದ ಮನೆಯವರು ಹೇಳಿದ್ರು. ನಾನು ಮನೇಲಿರಲ್ಲ ಅಂತ ನಿನ್ನತ್ತಿಗೆ ಹೇಳಿದ್ಮೇಲೆ ತಾನೇ ಹೊರಟಿದ್ದು?"

"ಅಪ್ಪಾ, ಹಾಗಲ್ಲ, ಕೇಳಿ ಇಲ್ಲಿ..."

"ಹೋಗಲಿ ಬಿಡು. ಒಂಬತ್ತು ಸಾವಿರ ತಾನೇ ಹೋಗಿದ್ದು. ಅದಕ್ಕಿಂತ ಹೆಚ್ಚು ಕೊಟ್ಟಿದ್ರೆ ಹೊಟ್ಟೆ ಉರೀತಿತ್ತು."